ದುಬಾರಿ ಆ್ಯಂಟಿಬಯೋಟಿಕ್: ಸಹಾಯ ಯಾರನ್ನ ಕೇಳೋದು, ಹೇಗೆ ಕೇಳೋದು?

ಪ್ರಶ್ನೆ: ಮೇಡಂ, ನಮ್ಮಪ್ಪಂಗೆ ಲಿವರ್ ಸಿರೋಸಿಸ್. ಎರಡು ತಿಂಗಳ ಹಿಂದೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ, ಒಂದಿನ ಅಂಗಿ ಗುಂಡಿ ಹಾಕ್ಕೊಳ್ಳೋದು ಹೇಗೆ ಅಂತಾನೇ ಗೊತ್ತಾಗ್ದೆ ಕನ್ನಡಿ ಮುಂದೆ ನಿಂತುಬಿಟ್ಟಿದ್ರು. ಆಸ್ಪತ್ರೆಗೆ ಸೇರಿಸಿದ್ವಿ, ಹುಷಾರಾದ್ರು. ಡಿಸ್ಚಾರ್ಜ್ ಮಾಡುವಾಗ ರಿಫಾಕ್ಸಿಮಿನ್ 550 ದಿನಕ್ಕೆ ಎರಡು, ಜೊತೆಗೆ ಲ್ಯಾಕ್ಟುಲೋಸ್ ಸಿರಪ್ ಬರೆದ್ರು, ಎಷ್ಟು ದಿನ ಅಂತ ಕೇಳಿದ್ರೆ "ನಡೀತಾ ಇರ್ಲಿ" ಅಂದ್ರು. ಮೊದಲನೇ ತಿಂಗಳ ಬಿಲ್ ನೋಡಿ ಜೀವ ಹೋದಂಗಾಯ್ತು. ಅಮ್ಮ ನಮಗ್ಯಾರಿಗೂ ಹೇಳ್ದೆ ದಿನಕ್ಕೆ ಒಂದೇ ಮಾತ್ರೆ ಕೊಡ್ತಿದ್ದಾರೆ ಅಂತ ಮೊನ್ನೆ ಗೊತ್ತಾಯ್ತು. ಇನ್ಶೂರೆನ್ಸ್‌ನವರು ಈ ಮಾತ್ರೆಗೆ ದುಡ್ಡು ಕೊಡಲ್ಲ ಅಂತ ಪತ್ರ ಕಳಿಸಿದ್ದಾರೆ. ಯಾರನ್ನ ಕೇಳ್ಬೇಕು? ಕೇಳೋಕೂ ಒಂಥರಾ ನಾಚಿಕೆ.

ಉತ್ತರ: ಅಮ್ಮನ್ನ ಬೈಬೇಡಿ. ನಾನು ಡಾಕ್ಟರ್ ಅಲ್ಲ, ಆಸ್ಪತ್ರೆ ಫಾರ್ಮಸಿ ಕೌಂಟರ್ ಹಿಂದೆ ವರ್ಷಗಟ್ಟಲೆ ನಿಂತವಳು, ಬಿಲ್ ಕೇಳಿದ ಮೇಲೆ "ಸದ್ಯಕ್ಕೆ ಅರ್ಧ ಕೊಟ್ಟಿರಿ" ಅನ್ನೋ ಅಮ್ಮಂದಿರನ್ನ ದಿನಾ ನೋಡಿದ್ದೀನಿ, ಅವರು ತಿರುಗಿ ಬರೋದು ಮಾತ್ರೆಗಲ್ಲ, ಮತ್ತೆ ಅಡ್ಮಿಷನ್‌ಗೆ. ಹಾಗಾಗಿ ಈ ಪುಟ ಮಡಚಿಟ್ಟು ಮೊದಲು ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಅರ್ಧ ಆಗಿದೆ, ಕಾರಣ ದುಡ್ಡು ಅಂತ ನೇರವಾಗಿ ಹೇಳಿ. ದುಡ್ಡಿನ ಮಾತು ಡಾಕ್ಟರ್ ಹತ್ರ ಆಡಬಾರದು ಅಂತ ನಮಗೆ ಯಾರು ಹೇಳಿಕೊಟ್ರೋ ಗೊತ್ತಿಲ್ಲ, ಅರ್ಧಕ್ಕರ್ಧ ತೊಂದರೆ ಶುರುವಾಗೋದು ಅಲ್ಲೇ.

ರಿಫಾಕ್ಸಿಮಿನ್ ಒಂದು ಆ್ಯಂಟಿಬಯೋಟಿಕ್, ಆದ್ರೆ ರಕ್ತಕ್ಕೆ ಸೇರೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಕರುಳಲ್ಲೇ ಉಳ್ಕೊಂಡು ಅಮೋನಿಯಾ ಮಾಡೋ ಬ್ಯಾಕ್ಟೀರಿಯಾಗಳನ್ನ ತಗ್ಗಿಸುತ್ತೆ. ಲಿವರ್ ಸೋತಾಗ ಆ ಅಮೋನಿಯಾ ಶುದ್ಧಿಯಾಗ್ದೆ ಮಿದುಳಿಗೆ ಹೋಗಿ ನಿಮ್ಮಪ್ಪನಿಗೆ ಆದಂಗೆ ಮಂಪರು, ಗೊಂದಲ ಎಲ್ಲ ಆಗೋದು. 2010ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ 299 ಜನರನ್ನ ಆರು ತಿಂಗಳು ನೋಡಿದ್ರು, ಈ ಮಾತ್ರೆ ತಗೊಂಡವರಲ್ಲಿ ಶೇ. 22ರಷ್ಟು ಜನಕ್ಕೆ ಮಂಪರು ಮರುಕಳಿಸಿತು, ಡಮ್ಮಿ ಮಾತ್ರೆ ತಗೊಂಡವರಲ್ಲಿ ಶೇ. 46ರಷ್ಟು ಜನಕ್ಕೆ. ಇದೇ ಕಾಯಿಲೆಗೆ ಆಸ್ಪತ್ರೆ ಸೇರೋದೂ ಶೇ. 22.6ರಿಂದ 13.6ಕ್ಕೆ ಇಳೀತು. ಈ ಲೆಕ್ಕ ಯಾಕೆ ಹೇಳ್ದೆ ಅಂದ್ರೆ ಇನ್ಶೂರೆನ್ಸ್‌ನವರ ಮುಂದೆ ನಿಮಗೆ ಬೇಕಾಗೋದು ಇದೇ, ಮಾತ್ರೆ ನಿಲ್ಸಿದ್ರೆ ಅವರಿಗೆ ಬರೋದು ಅದಕ್ಕಿಂತ ದೊಡ್ಡ ಆಸ್ಪತ್ರೆ ಬಿಲ್.

ಈಗ ಆ ಪತ್ರ ತೆಗೀರಿ, "ಕೊಡಲ್ಲ" ಅನ್ನೋದಷ್ಟೇ ಓದ್ಬೇಡಿ, ಯಾಕೆ ಕೊಡಲ್ಲ ಅಂತ ಒಂದು ಸಾಲು ಇರುತ್ತೆ ನೋಡಿ. ಇದೇ ರಿಫಾಕ್ಸಿಮಿನ್‌ನ ಪ್ರವಾಸದಲ್ಲಿ ಹಿಡಿಯೋ ಭೇದಿಗೆ ಮೂರು ದಿನ ಕೊಡ್ತಾರೆ, ಕರುಳಿನ ಇನ್ನೊಂದು ತೊಂದರೆಗೆ 14 ದಿನ ಕೊಡ್ತಾರೆ. ಚೀಟಿಯಲ್ಲಿ ಬರೀ ಮಾತ್ರೆ ಹೆಸರು ಇದ್ದು ಕಾಯಿಲೆ ಹೆಸರು ಇಲ್ಲದಿದ್ರೆ ಅಲ್ಲಿ ಕೂತವರಿಗೆ ಕಾಣೋದು "ಭೇದಿ ಮಾತ್ರೆ, ತಿಂಗಳಿಗೆ 60" ಅಂತ, ಯಾರಾದ್ರೂ ರಿಜೆಕ್ಟ್ ಮಾಡೇ ಮಾಡ್ತಾರೆ. ಡಾಕ್ಟರ ಹತ್ರ ಲೆಟರ್‌ಹೆಡ್ ಮೇಲೆ ಅರ್ಧ ಪುಟ ಬರೆಸ್ಕೊಳ್ಳಿ: "ಹೆಪಾಟಿಕ್ ಎನ್ಸೆಫಲೋಪತಿ" (ಲಿವರ್ ಸೋತು ಬರೋ ಈ ಮಂಪರು, ಗೊಂದಲದ ಕಾಯಿಲೆಗೆ ಅದೇ ಹೆಸರು) ಅಂತ ಪೂರ್ತಿ ಹೆಸರು, ಯಾವತ್ತು ಅಡ್ಮಿಟ್ ಆಗಿದ್ರು, ಲ್ಯಾಕ್ಟುಲೋಸ್ ಒಂದರಿಂದ ಯಾಕೆ ಸಾಲ್ತಿಲ್ಲ, ನಿಲ್ಸಿದ್ರೆ ಏನಾಗುತ್ತೆ. ಡಿಸ್ಚಾರ್ಜ್ ಸಮರಿ ಜೆರಾಕ್ಸ್ ಲಗತ್ತಿಸಿ ಮೇಲ್ಮನವಿ ಹಾಕಿ, ಅದಕ್ಕೆ ಕೊನೇ ದಿನಾಂಕ ಇರುತ್ತೆ, ಪತ್ರದ ಹಿಂಬದಿ ಸಣ್ಣಕ್ಷರದಲ್ಲಿ ಇರೋದುಂಟು. ತುರ್ತು ಅಂತ ಡಾಕ್ಟರ್ ಬರೆದ್ರೆ ಬೇಗ ನೋಡೋ ಪದ್ಧತಿ ಎಷ್ಟೋ ಕಡೆ ಇದೆ, ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಅದು ನಡೀತಿರುವಾಗ್ಲೇ ಇನ್ನೊಂದು ದಾರಿ ಹಿಡೀರಿ, ಒಂದು ಮುಗಿದ ಮೇಲೆ ಇನ್ನೊಂದು ಅಂತ ಕಾಯ್ಬೇಡಿ. ಇದೇ ಮಾತ್ರೆ ಜೆನೆರಿಕ್‌ನಲ್ಲಿ, ಅಂದ್ರೆ ದೊಡ್ಡ ಬ್ರ್ಯಾಂಡ್ ಹೆಸರಿಲ್ಲದೆ ಅದೇ ಔಷಧಿಯಾಗಿ, ಸಿಗುತ್ತಾ ಅಂತ ಫಾರ್ಮಸಿಸ್ಟ್‌ನ ಕೇಳಿ, ಕೆಲವು ದೇಶಗಳಲ್ಲಿ ಸಿಗುತ್ತೆ, ಕೆಲವು ಕಡೆ ಇನ್ನೂ ಇಲ್ಲ. ಸಿಗದಿದ್ರೆ, ದುಬಾರಿ ಬ್ರ್ಯಾಂಡ್ ಮಾರೋ ಎಷ್ಟೋ ಕಂಪನಿಗಳಲ್ಲಿ ಕೈಲಾಗದ ರೋಗಿಗಳಿಗೆ ಅಂತಾನೇ ಸಹಾಯ ಯೋಜನೆ ಇರುತ್ತೆ, ಫಾರಂ ಕೆಲವು ಸಲ ಡಾಕ್ಟರ ಆಫೀಸಲ್ಲೇ ಬಿದ್ದಿರುತ್ತೆ. ಸಾಮಾನ್ಯವಾಗಿ ಒಂದು ಭಾಗ ನೀವು ತುಂಬ್ಬೇಕು, ಒಂದು ಭಾಗ ಡಾಕ್ಟರ್ ತುಂಬ್ಬೇಕು, ಜೊತೆಗೆ ಆದಾಯದ ದಾಖಲೆ, ಇನ್ಶೂರೆನ್ಸ್ ರಿಜೆಕ್ಟ್ ಮಾಡಿದ ಪತ್ರ (ನೋಡಿ, ಅದೂ ಉಪಯೋಗಕ್ಕೆ ಬಂತು, ಹರಿದು ಎಸೀಬೇಡಿ). ನಾನು ನೋಡಿದ ಒಂದು ಫಾರಂ ಮೂರು ವಾರ ಆದ್ಮೇಲೆ ವಾಪಸ್ ಬಂತು, ಏನಪ್ಪಾ ಅಂತ ನೋಡಿದ್ರೆ ಡಾಕ್ಟರ್ ಸಹಿ ಹಾಕೋ ಜಾಗದಲ್ಲಿ ರೋಗಿಯ ಮಗ ಅವಸರದಲ್ಲಿ ತನ್ನ ಸಹಿ ಹಾಕಿದ್ದ. ಅಷ್ಟಕ್ಕೇ ಮೂರು ವಾರ ನೀರುಪಾಲು. ಕಳಿಸೋ ಮುಂಚೆ ಪ್ರತಿ ಪುಟದ ಫೋಟೋ ಇಟ್ಕೊಳ್ಳಿ. ಮಂಜೂರಾದ್ರೂ ಅದು ಕಾಯಂ ಅಲ್ಲ, ಅವಧಿ ಮುಗಿಯೋ ದಿನ ಬರೆದಿಟ್ಕೊಂಡು ಒಂದು ತಿಂಗಳು ಮುಂಚೆನೇ ಮತ್ತೆ ಅರ್ಜಿ ಹಾಕಿ.

ದೊಡ್ಡ ಆಸ್ಪತ್ರೆಗಳಲ್ಲಿ ಸೋಶಿಯಲ್ ವರ್ಕರ್ ಅಂತ ಒಬ್ರು ಇರ್ತಾರೆ. ಯಾವ ಟ್ರಸ್ಟ್ ಲಿವರ್ ರೋಗಿಗಳಿಗೆ ಕೊಡುತ್ತೆ, ಸರ್ಕಾರದ್ದು ಏನಿದೆ ಅನ್ನೋದು ಅವರಿಗೆ ಬಾಯಿಪಾಠ. ನಾಚಿಕೆ ಅಂದ್ರಲ್ಲ, ಅವರ ಕೆಲಸವೇ ಅದು, ಸಂಬಳ ತಗೊಳ್ಳೋದೇ ಅದಕ್ಕೆ. ಬಹಳಷ್ಟು ಕಡೆ ಆಗಲೇ ಕೊಂಡಿದ್ದರ ದುಡ್ಡು ವಾಪಸ್ ಕೊಡಲ್ಲ, ಮುಂದೆ ಕೊಳ್ಳೋದಕ್ಕೆ ಮಾತ್ರ, ಆದ್ರಿಂದ ಸಾಲ ಮಾಡಿ ಮೂರು ತಿಂಗಳದ್ದು ಒಟ್ಟಿಗೆ ತಂದಿಡೋ ಯೋಚನೆ ಬಿಡಿ. ಉತ್ತರ ಬರೋವರೆಗೆ ಸ್ಯಾಂಪಲ್ ಇದೆಯಾ ಅಂತ ಡಾಕ್ಟರ್‌ನ ಕೇಳಿ, ವಾರಕ್ಕಾಗುವಷ್ಟು ಕೊಂಡುಕೊಳ್ಳಿ, ಆದ್ರೆ ದಿನದ ಡೋಸ್ ಪೂರ್ತಿ ಇರ್ಲಿ. ಲ್ಯಾಕ್ಟುಲೋಸ್ ಮಾತ್ರ ಯಾವ ಕಾರಣಕ್ಕೂ ತಪ್ಪಿಸ್ಬೇಡಿ, ಆ 2010ರ ಪರೀಕ್ಷೆಯಲ್ಲೂ ಶೇ. 90ಕ್ಕಿಂತ ಹೆಚ್ಚು ಜನ ಅದನ್ನೂ ಕುಡೀತಿದ್ರು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಗೆ ಹೋಗೋ ಹಾಗೆ ಅದರ ಅಳತೆ ಹೊಂದಿಸ್ತಾರೆ. ಸಿಹಿ ಅಂತ, ಪದೇಪದೇ ಬಾತ್‌ರೂಮ್ ಅಂತ ಎಷ್ಟೋ ಜನ ಸದ್ದಿಲ್ದೆ ನಿಲ್ಸಿಬಿಡ್ತಾರೆ, ಅಪ್ಪ ನಿಜವಾಗ್ಲೂ ಕುಡೀತಿದ್ದಾರಾ ಅಂತ ಒಮ್ಮೆ ಬಾಟ್ಲಿ ನೋಡಿ.

ಪ್ರಶ್ನೆ: ನನ್ನ ಯಜಮಾನರಿಗೆ ಆಪರೇಷನ್ ಆದ ಗಾಯಕ್ಕೆ ಸೋಂಕು ತಗುಲಿ ಲಿನೆಜೋಲಿಡ್ ಡ್ರಿಪ್ ಹಾಕ್ತಿದ್ದಾರೆ. ಈಗ ಎದ್ದು ಓಡಾಡ್ತಾರೆ, ಊಟ ಮಾಡ್ತಾರೆ, ಆದ್ರೂ ಇನ್ನೊಂದು ವಾರ ಇರಿ ಅಂತಾರೆ. ಔಷಧಿಗಿಂತ ಬೆಡ್ಡಿನ ಖರ್ಚೇ ಜಾಸ್ತಿ ಆಗ್ತಿದೆ. ಯಾರಾದ್ರೂ ಸಹಾಯ ಮಾಡ್ತಾರಾ?

ಉತ್ತರ: ಸಹಾಯ ಕೇಳೋ ಮುಂಚೆ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ, "ಇದನ್ನ ಮಾತ್ರೆಗೆ ಬದಲಾಯಿಸಬಹುದಾ?" ಅಂತ. ಲಿನೆಜೋಲಿಡ್‌ನ ವಿಶೇಷ ಅಂದ್ರೆ ಬಾಯಿಂದ ತಗೊಂಡ್ರೂ ಹೆಚ್ಚುಕಮ್ಮಿ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತೆ, 600ರ ಡ್ರಿಪ್ಪಿಗೆ 600ರ ಮಾತ್ರೆನೇ ಸಮ. ವಾಂತಿ ಇಲ್ದೆ, ನುಂಗೋಕೆ ಆಗ್ತಿದ್ರೆ, ಗಾಯದ ಆರೈಕೆಗೆ ಬೇರೆ ಅಡ್ಡಿ ಇಲ್ಲದಿದ್ರೆ ಎಷ್ಟೋ ಜನ ಮಾತ್ರೆ ಹಿಡ್ಕೊಂಡೇ ಮನೆಗೆ ಹೋಗ್ತಾರೆ. 2000ದಲ್ಲಿ ಮಾರುಕಟ್ಟೆಗೆ ಬಂದ ಔಷಧಿ ಇದು, ಈಗ ಜೆನೆರಿಕ್ ಬೇಕಾದಷ್ಟಿವೆ.

ಇನ್ನೊಂದು, ಕಲ್ಚರ್ ರಿಪೋರ್ಟ್ (ಗಾಯದ ಕೀಟಾಣುನ ಲ್ಯಾಬಲ್ಲಿ ಬೆಳೆಸಿ ಪರೀಕ್ಷೆ ಮಾಡಿದ್ದು) ಕೇಳಿ ತಗೊಳ್ಳಿ. ಅದರಲ್ಲಿ ಔಷಧಿಗಳ ಉದ್ದ ಪಟ್ಟಿ, ಪಕ್ಕದಲ್ಲಿ ಎಸ್ ಅಥವಾ ಆರ್ ಅಂತ ಇರುತ್ತೆ, ಎಸ್ ಇದ್ರೆ ಕೀಟಾಣು ಆ ಔಷಧಿಗೆ ಬಗ್ಗುತ್ತೆ, ಆರ್ ಇದ್ರೆ ಬಗ್ಗಲ್ಲ ಅಂತ. ಹಳೇ ಅಗ್ಗದ ಔಷಧಿ ಮುಂದೆ ಎಸ್ ಇದ್ರೆ "ಇದು ಆಗಲ್ವಾ ಡಾಕ್ಟ್ರೇ?" ಅಂತ ಕೇಳೋದರಲ್ಲಿ ತಪ್ಪಿಲ್ಲ. ಆಗಲ್ಲ ಅಂದ್ರೆ ಅದಕ್ಕೆ ಕಾರಣ ಇರುತ್ತೆ, ಮೂಳೆಗೆ ತಲುಪಲ್ಲ, ಕಿಡ್ನಿಗೆ ತೊಂದರೆ ಹೀಗೆ, ಅದನ್ನ ಒಪ್ಕೊಳ್ಳಿ. ಲಿನೆಜೋಲಿಡ್‌ನ ಎರಡು ವಾರ ದಾಟಿ ತಗೊಳ್ಳೋದಾದ್ರೆ ವಾರಕ್ಕೊಮ್ಮೆ ರಕ್ತದ ಕೌಂಟ್ ಮಾಡಿಸ್ಬೇಕಾಗುತ್ತೆ, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಡಿಪ್ರೆಶನ್‌ಗೆ ಮಾತ್ರೆ ತಗೊಳ್ತಿದ್ರೆ ಡಾಕ್ಟರಿಗೆ ಹೇಳ್ದೆ ಇರ್ಬೇಡಿ, ಎರಡೂ ಒಟ್ಟಿಗೆ ಅಪಾಯ ಆಗಬಹುದು.

ಪ್ರಶ್ನೆ: ನಮ್ಮ ಅತ್ತಿಗೆ ಹತ್ರ ಹೋದ ವರ್ಷದ್ದು ಆರು ಮಾತ್ರೆ ಉಳಿದಿದೆ, ನನಗೆ ಬರೆದಿರೋದೂ ಅದೇ ಹೆಸರು. ಅದನ್ನೇ ತಗೊಂಡ್ರೆ ದುಡ್ಡು ಉಳಿಯುತ್ತಲ್ವಾ?

ಉತ್ತರ: ಹೆಸರು ಒಂದೇ ಇದ್ರೂ ಎಂ.ಜಿ. ಒಂದೇನಾ, ಎಕ್ಸ್‌ಪೈರಿ ಯಾವಾಗ, ಬಿಸಿಲಲ್ಲಿ ಇಟ್ಟಿದ್ರಾ? ಅಲ್ಲದೆ ನಿಮಗೆ 14 ಬರೆದಿದ್ರೆ ಆರರಿಂದ ಏನಾಗುತ್ತೆ? ಆ ಆರನ್ನ ಫಾರ್ಮಸಿಗೆ ಕೊಟ್ಟು ವಿಲೇವಾರಿ ಮಾಡೋಕೆ ಹೇಳಿ. ಹಾಗೇ ಚೀಟಿ ಇಲ್ಲದೆ ಅಗ್ಗಕ್ಕೆ ಆ್ಯಂಟಿಬಯೋಟಿಕ್ ಕಳಿಸ್ತೀವಿ ಅನ್ನೋ ಆನ್‌ಲೈನ್ ಅಂಗಡಿ, ಸಹಾಯದ ಫಾರಂ ತುಂಬಿಕೊಡೋಕೆ ಮುಂಗಡ ಫೀಸ್ ಕೇಳೋರು, ಇವರಿಬ್ರಿಂದಲೂ ದೂರ ಇರಿ. ಫಾರಂ ತುಂಬೋಕೆ ಗೊತ್ತಾಗ್ಲಿಲ್ಲ ಅಂದ್ರೆ ಫಾರ್ಮಸಿ ಕೌಂಟರಿಗೆ ರಶ್ ಇಲ್ಲದ ಹೊತ್ತಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ, ನಮ್ಮಂಥವರು ಪುಕ್ಕಟೆ ತುಂಬಿಕೊಡ್ತೀವಿ.