ಯುಪಿಎಸ್ ಇದೆ, ನ್ಯಾಸ್‌ಗೆ ಸುದ್ದಿ ಮುಟ್ಟಿಲ್ಲ

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ಫೋಟೊ ಸ್ಟುಡಿಯೊ ನಡೆಸ್ತೀನಿ ಸರ್. ಮದುವೆ ಫೋಟೊ, ವಿಡಿಯೊ ಎಲ್ಲ ಎರಡು ಡಿಸ್ಕಿನ ನ್ಯಾಸ್ (ನೆಟ್‌ವರ್ಕಿಗೆ ಸೇರಿಸಿ ಫೈಲ್ ಇಡೋ) ಪೆಟ್ಟಿಗೆಯಲ್ಲಿವೆ. ಹೋದ ತಿಂಗಳು ಅಡ್ಡ ಮಳೆಗೆ ಒಂದೇ ಸಂಜೆ ನಾಲ್ಕು ಸಲ ಕರೆಂಟ್ ಹೋಯ್ತು. ಆಮೇಲೆ ನ್ಯಾಸ್ ರಾತ್ರಿಯಿಡೀ ಡಿಸ್ಕ್ ಪರೀಕ್ಷೆ ಮಾಡ್ತಾ ಕೂತಿತ್ತು. ಹೆದರಿ 1100 ವಿಎ ಯುಪಿಎಸ್ ತಂದೆ. ರೌಟರಿನಿಂದ ಬರೋ ಲ್ಯಾನ್ ಕೇಬಲ್ಲನ್ನು ಯುಪಿಎಸ್ ಹಿಂದಿನ ತೂತಿಗೆ ಹಾಕಿ, ಪಕ್ಕದ ತೂತಿನಿಂದ ನ್ಯಾಸ್‌ಗೆ ಕೊಟ್ಟಿದ್ದೇನೆ. ಇಂಟರ್ನೆಟ್ ಬರುತ್ತೆ, ಫೈಲ್ ತೆರೆಯುತ್ತೆ, ಆದರೆ ಸೆಟ್ಟಿಂಗಿನಲ್ಲಿ ‘ಯುಪಿಎಸ್ ಸಿಗಲಿಲ್ಲ’ ಅಂತಲೇ ಬರ್ತಿದೆ. ಹೊಸ ಯುಪಿಎಸ್ಸೇ ಕೆಟ್ಟಿದೆಯಾ? ಫೋಟೊ ಕಳಿಸಿದ್ದೇನೆ, ನೋಡಿ.

ಉತ್ತರ: ಫೋಟೊ ಕಳಿಸಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ನಾನೂ ಯುಪಿಎಸ್ ಮೇಲೇ ಅನುಮಾನ ಪಡ್ತಿದ್ದೆ. ಅದು ಕೆಟ್ಟಿಲ್ಲ. ಕೇಬಲ್ ತಪ್ಪು ತೂತಿನಲ್ಲಿದೆ, ಅಷ್ಟೇ.

ನಿಮ್ಮ ಯುಪಿಎಸ್ ಹಿಂದೆ ಲ್ಯಾನ್ ತೂತಿನ ಥರ ಕಾಣೋವು ಮೂರಿವೆ. ಅದರಲ್ಲಿ ಅಕ್ಕಪಕ್ಕ ಇರೋ ಎರಡು, ಒಂದರ ಕೆಳಗೆ ‘ಇನ್’ ಇನ್ನೊಂದರ ಕೆಳಗೆ ‘ಔಟ್’ ಅಂತ ಬರೆದಿರೋವು, ಸಿಡಿಲು ಬಡಿದಾಗ ಲ್ಯಾನ್ ತಂತಿಯಲ್ಲಿ ನುಗ್ಗಿ ಬರೋ ಹೆಚ್ಚಿನ ವೋಲ್ಟೇಜನ್ನು ತಡೆಯೋಕೆ ಕೊಟ್ಟಿದ್ದು. ಅವುಗಳಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಈ ಕಡೆಯಿಂದ ಹೋಗಿದ್ದು ಆ ಕಡೆಯಿಂದ ಬರುತ್ತೆ, ಅದಕ್ಕೇ ನಿಮ್ಮ ಇಂಟರ್ನೆಟ್ ಸರಿಯಾಗಿದೆ. ನಿಮಗೆ ಬೇಕಾದ್ದು ಮೂಲೆಯಲ್ಲಿ ಒಂಟಿಯಾಗಿರೋ ಮೂರನೇದು. ಅದರ ಕೆಳಗೆ ‘ಡೇಟಾ ಪೋರ್ಟ್’ ಅಂತ ಬರೆದಿದೆ, ನಿಮ್ಮ ಫೋಟೊದಲ್ಲೇ ಮಸುಕಾಗಿ ಕಾಣ್ತಿದೆ.

ಈಗ ಯುಪಿಎಸ್ ಬಂದ ಡಬ್ಬಿ ಹುಡುಕಿ. ಅದರೊಳಗೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕರಿ ಕೇಬಲ್ ಇರಬಹುದು, ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ನೋಡೋಕೆ ಲ್ಯಾನ್ ಪಿನ್ನೇ. ಆದರೆ ಅದನ್ನು ಬೆಳಕಿಗೆ ಹಿಡಿದು ಹಳದಿ ಪಟ್ಟಿಗಳನ್ನು ಎಣಿಸಿ. ಮಾಮೂಲಿ ಲ್ಯಾನ್ ಪಿನ್ನಿಗೆ 8 ಪಟ್ಟಿ, ಇದಕ್ಕೆ 10. ಅಗಲ ಎರಡರದ್ದೂ ಒಂದೇ, ಹಾಗಾಗಿ ಲ್ಯಾನ್ ಪಿನ್ ಕೂಡ ಆ ತೂತಿನಲ್ಲಿ ಟಕ್ ಅಂತ ಕೂತು ನಮ್ಮನ್ನು ಮೋಸ ಮಾಡುತ್ತೆ. ಡಬ್ಬಿಯಲ್ಲಿ ಕೇಬಲ್ ಇಲ್ಲದಿದ್ದರೆ ಅದೇ ಕಂಪನಿಯ, ಅದೇ ಮಾಡೆಲ್‌ಗೆ ಹೊಂದೋ ಡೇಟಾ ಕೇಬಲ್ ಕೇಳಿ ತನ್ನಿ. ಅಂಗಡಿಯವರು ‘ಯುಎಸ್‌ಬಿ ಟು ಲ್ಯಾನ್’ ಅಡಾಪ್ಟರ್ ಕೈಗಿಟ್ಟರೆ ವಾಪಸ್ ಕೊಡಿ, ಅದು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡೋಕೆ ಇರೋದು. (ಬೇರೆ ಯುಪಿಎಸ್ ಇರೋ ಓದುಗರಿಗೆ: ಕೆಲವದರಲ್ಲಿ ಪ್ರಿಂಟರಿಗೆ ಇರೋ ಥರದ ಚೌಕ ಯುಎಸ್‌ಬಿ ತೂತು ಇರುತ್ತೆ, ಅದಾದರೆ ಪ್ರಿಂಟರ್ ಕೇಬಲ್ಲೇ ಸಾಕು. ಚಪ್ಪಟೆ ಯುಎಸ್‌ಬಿ ತೂತು ಮಾತ್ರ ಇದ್ದರೆ ಅದು ಬರೀ ಮೊಬೈಲ್ ಚಾರ್ಜಿಗೆ ಇದ್ದೀತು. ಅಗ್ಗದ 600 ವಿಎ ಯುಪಿಎಸ್ ಎಷ್ಟೋ ಕಡೆ ಯಾವ ಡೇಟಾ ತೂತೂ ಇಲ್ಲದೆ ಬರುತ್ತೆ, ಕೊಳ್ಳೋ ಮೊದಲೇ ತಿರುಗಿಸಿ ಹಿಂದೆ ನೋಡಿ.)

ಆ ಕೇಬಲ್ ಯಾಕೆ ಅಷ್ಟು ಮುಖ್ಯ ಅಂದರೆ, ಯುಪಿಎಸ್‌ನಿಂದ ನ್ಯಾಸ್‌ಗೆ ಎರಡು ಹೋಗಬೇಕು. ಒಂದು ಕರೆಂಟ್, ಇನ್ನೊಂದು ‘ಕರೆಂಟ್ ಹೋಗಿದೆ’ ಅನ್ನೋ ಸುದ್ದಿ. ನಿಮ್ಮಲ್ಲಿ ಮೊದಲನೇದು ಹೋಗ್ತಿದೆ, ಎರಡನೇದು ಇಲ್ಲ. ಹಾಗಾದಾಗ ಯುಪಿಎಸ್ ನ್ಯಾಸ್‌ನ ಬೀಳೋದನ್ನು ಹತ್ತು ನಿಮಿಷ ಮುಂದಕ್ಕೆ ಹಾಕುತ್ತೆ, ಅಷ್ಟೇ. ಬ್ಯಾಟರಿ ಮುಗಿದ ಕ್ಷಣ ಅರ್ಧ ಬರೆದ ಫೈಲು ಅರ್ಧಕ್ಕೇ ನಿಲ್ಲುತ್ತೆ, ಎರಡು ಡಿಸ್ಕಿನಲ್ಲಿ ಇರೋದು ಒಂದಕ್ಕೊಂದು ತಾಳೆಯಾಗುತ್ತಾ ಅಂತ ನ್ಯಾಸ್ ಮತ್ತೆ ರಾತ್ರಿಯಿಡೀ ಪರೀಕ್ಷೆಗೆ ಕೂರುತ್ತೆ.

ಕೇಬಲ್‌ನ ಯುಎಸ್‌ಬಿ ತುದಿಯನ್ನು ನೇರವಾಗಿ ನ್ಯಾಸ್ ಹಿಂದಿನ ಪೋರ್ಟಿಗೆ ಹಾಕಿ. ಮಧ್ಯೆ ಹಬ್ ಬೇಡ, ಎಕ್ಸ್‌ಟೆನ್ಷನ್ ಬೇಡ. ಆಮೇಲೆ ಸೆಟ್ಟಿಂಗ್. ನಿಮ್ಮ ನ್ಯಾಸ್ ಸೈನಾಲಜಿ ಕಂಪನಿಯದಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಹಾರ್ಡ್‌ವೇರ್ ಅಂಡ್ ಪವರ್’ ಒಳಗೆ ‘ಯುಪಿಎಸ್’ ಅನ್ನೋ ಟ್ಯಾಬ್ ಇದೆ, ಕ್ಯೂನ್ಯಾಪ್ ಕಂಪನಿಯದಾದರೆ ‘ಎಕ್ಸ್‌ಟರ್ನಲ್ ಡಿವೈಸ್’ ಒಳಗೆ ಇದೆ. ಬಗೆ ಕೇಳಿದಾಗ ‘ಯುಎಸ್‌ಬಿ ಯುಪಿಎಸ್’ ಆರಿಸಿ. ‘ಎಸ್‌ಎನ್‌ಎಂಪಿ’ ಅಂತ ಇರೋದು ನೆಟ್‌ವರ್ಕ್ ಕಾರ್ಡ್ ಇರೋ ದೊಡ್ಡ ಯುಪಿಎಸ್‌ಗೆ, ಮನೆಯವರಿಗೆ ಅಲ್ಲ. ಎಲ್ಲ ಸರಿ ಇದ್ದರೆ ಅದೇ ಪುಟದಲ್ಲಿ ಯುಪಿಎಸ್ ಮಾಡೆಲ್ ಹೆಸರು, ಬ್ಯಾಟರಿ ಎಷ್ಟಿದೆ ಅನ್ನೋದು ಕಾಣುತ್ತೆ.

ಎಷ್ಟು ಹೊತ್ತು ಕಾದು ಆಫ್ ಆಗಬೇಕು ಅಂತಲೂ ಅಲ್ಲೇ ಕೇಳುತ್ತೆ. ‘ಬ್ಯಾಟರಿ ಖಾಲಿಯಾಗೋವರೆಗೆ’ ಅನ್ನೋದನ್ನು ನಾನಂತೂ ಆರಿಸಲ್ಲ. ಯುಪಿಎಸ್ ಬ್ಯಾಟರಿ ಸಾಮಾನ್ಯವಾಗಿ 2-3 ವರ್ಷಕ್ಕೆ ಸೊರಗುತ್ತೆ, ನಮ್ಮ ಕಡೆ ಬೇಸಿಗೆಗೆ ಇನ್ನೂ ಬೇಗ. ಸೊರಗಿದ ಬ್ಯಾಟರಿ 100 ಅಂತ ತೋರಿಸ್ತಾನೇ ಎರಡು ನಿಮಿಷಕ್ಕೆ ಕೈಕೊಡುತ್ತೆ. 3 ಇಲ್ಲವೇ 5 ನಿಮಿಷ ಅಂತ ಇಡಿ. ಇನ್ನೊಂದು ಮಾತು, ನಿಮ್ಮ ಫೋಟೊದಲ್ಲಿ ಎಡಿಟಿಂಗ್ ಕಂಪ್ಯೂಟರಿನ ವೈರ್ ಕೂಡ ಅದೇ ಯುಪಿಎಸ್‌ಗೆ ಹೋಗಿದೆ. ಎರಡು ಡಿಸ್ಕಿನ ನ್ಯಾಸ್ ತಿನ್ನೋದು 20 ವಾಟ್ ಆಸುಪಾಸು, ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರ್ ವಿಡಿಯೊ ರೆಂಡರ್ ಮಾಡುವಾಗ ಅದರ ಹತ್ತು ಪಟ್ಟು ಸುಲಭವಾಗಿ ತಿನ್ನುತ್ತೆ. ನ್ಯಾಸ್‌ನ ಊಟ ಅದೇ ಕಸೀತಿದೆ, ಬೇರೆ ಕಡೆ ಹಾಕಿ.

ಪ್ಲಗ್ಗಿನ ಬಗ್ಗೆ ನನ್ನದೇ ಕಥೆ ಹೇಳ್ತೀನಿ. ನಮ್ಮ ಹುಬ್ಬಳ್ಳಿ ಮನೆಯಲ್ಲಿ ಯುಪಿಎಸ್ ತಂದು, ಕೇಬಲ್ ಹಾಕಿ, ಸೆಟ್ಟಿಂಗ್ ಎಲ್ಲ ಮಾಡಿ, ಮನೆಯವರನ್ನು ಕರೆದು ‘ಈಗ ನೋಡಿ’ ಅಂತ ಸ್ವಿಚ್ ಆಫ್ ಮಾಡಿದೆ. ಯುಪಿಎಸ್ ಕುಂಯ್ ಅಂತು, ನ್ಯಾಸ್ ಅದೇ ಕ್ಷಣ ಸತ್ತುಹೋಯ್ತು! ಆಮೇಲೆ ನೋಡಿದರೆ ನಾನು ನ್ಯಾಸ್ ಹಾಕಿದ್ದು ‘ಸರ್ಜ್ ಓನ್ಲಿ’ ಅಂತ ಬರೆದ ಸಾಕೆಟ್ಟಿಗೆ. ಅದಕ್ಕೆ ಬ್ಯಾಟರಿ ಕರೆಂಟ್ ಬರೋದೇ ಇಲ್ಲ. ನೀವೂ ‘ಬ್ಯಾಟರಿ ಬ್ಯಾಕಪ್’ ಅಂತ ಇರೋ ಸಾಕೆಟ್ಟಿಗೇ ಹಾಕಿದ್ದೀರಾ ನೋಡಿಕೊಳ್ಳಿ. ಪರೀಕ್ಷೆ ಮಾಡುವಾಗ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಹಾಕಬೇಡಿ. ಕಿತ್ತರೆ ಅರ್ಥಿಂಗೂ ಹೋಗುತ್ತೆ. ಯಾವ ಫೈಲೂ ಕಾಪಿ ಆಗ್ತಿರದ ಹೊತ್ತಲ್ಲಿ ಮಾಡಿ.

ಪ್ರಶ್ನೆ: ಹಾವೇರಿಯಲ್ಲಿ ನಮ್ಮ ಮನೆಗೆ ದೊಡ್ಡ ಇನ್ವರ್ಟರ್ ಇದೆ, ನಾಲ್ಕು ತಾಸು ಬರುತ್ತೆ. ನ್ಯಾಸ್‌ಗೆ ಮತ್ತೆ ಯುಪಿಎಸ್ ದಂಡ ಅಲ್ವಾ?

ಉತ್ತರ: ನಾಲ್ಕು ತಾಸು ಆದ ಮೇಲೆ? ಮನೆಯ ಮಾಮೂಲಿ ಇನ್ವರ್ಟರಿಗೆ ನ್ಯಾಸ್ ಜೊತೆ ಮಾತಾಡೋ ಕೇಬಲ್ ಇರಲ್ಲ. ಇನ್ವರ್ಟರ್ ಲೈನಿನ ಮೇಲೇ ಡೇಟಾ ಪೋರ್ಟ್ ಇರೋ ಸಣ್ಣ ಯುಪಿಎಸ್ ಹಾಕಿ. ಇನ್ವರ್ಟರ್ ನಡೆಯೋವರೆಗೆ ಯುಪಿಎಸ್‌ಗೆ ಕರೆಂಟ್ ಹೋಗಿದ್ದೇ ಗೊತ್ತಾಗಲ್ಲ, ಇನ್ವರ್ಟರ್ ಕೈಬಿಟ್ಟಾಗ ಅದು ನ್ಯಾಸ್‌ಗೆ ಸುದ್ದಿ ಕೊಟ್ಟು ಸರಿಯಾಗಿ ಮಲಗಿಸುತ್ತೆ. ಆದರೆ ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಥರ ನುಣುಪಾದ ಅಲೆ ಕೊಡೋದು) ಇರಬೇಕು. ಹಳೇ ಸ್ಕ್ವೇರ್ ವೇವ್ ಆದರೆ ಯುಪಿಎಸ್ ಆ ಕರೆಂಟನ್ನು ಒಪ್ಪದೆ ಬ್ಯಾಟರಿಗೇ ಹಾರಬಹುದು.

ಪ್ರಶ್ನೆ: ಧಾರವಾಡ. ನ್ಯಾಸ್‌ಗೆ ಯುಪಿಎಸ್ ಸಿಕ್ಕಿದೆ. ಅದೇ ಯುಪಿಎಸ್ ಮೇಲಿರೋ ಲಿನಕ್ಸ್ ಕಂಪ್ಯೂಟರೂ ತಾನೇ ಆಫ್ ಆಗಬೇಕು. ಯುಎಸ್‌ಬಿ ಕೇಬಲ್ ಒಂದೇ ಇದೆ.

ಉತ್ತರ: ಒಂದೇ ಸಾಕು. ನ್ಯಾಸ್‌ನಲ್ಲಿ ‘ನೆಟ್‌ವರ್ಕ್ ಯುಪಿಎಸ್ ಸರ್ವರ್’ ಆನ್ ಮಾಡಿ, ಅನುಮತಿ ಪಟ್ಟಿಗೆ ಆ ಕಂಪ್ಯೂಟರಿನ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ಸಂಖ್ಯೆ) ಸೇರಿಸಿ. ಐಪಿ ಬದಲಾಗದ ಹಾಗೆ ರೌಟರಿನಲ್ಲಿ ಕಾಯಂ ಮಾಡಿ, ಇಲ್ಲದಿದ್ದರೆ ಇವತ್ತು ನಡೆದಿದ್ದು ಮುಂದಿನ ವಾರ ನಡೆಯಲ್ಲ. ಕಂಪ್ಯೂಟರಿನಲ್ಲಿ ‘ನಟ್’ ಅನ್ನೋ ಉಚಿತ ತಂತ್ರಾಂಶದ ಕ್ಲೈಂಟ್ ಹಾಕಿ. ಅದು ಮಾತಾಡೋದು 3493ನೇ ಪೋರ್ಟಿನಲ್ಲಿ, ಫೈರ್‌ವಾಲ್ ಇದ್ದರೆ ಅದರಲ್ಲಿ ಆ ಪೋರ್ಟನ್ನು ತೆರೆದಿಡಿ. ನ್ಯಾಸ್ ಸೈನಾಲಜಿ ಆದರೆ ಯುಪಿಎಸ್ ಹೆಸರು ಕೇಳಿದಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ‘ಯುಪಿಎಸ್’ ಅಂತಲೇ ಕೊಡಬೇಕು, ಸ್ವಂತ ಹೆಸರು ನಡೆಯಲ್ಲ. ರೌಟರ್, ಸ್ವಿಚ್ ಕೂಡ ಯುಪಿಎಸ್ ಮೇಲೇ ಇದೆಯಾ? ಅವು ಗೋಡೆಯ ಪ್ಲಗ್ಗಿನಲ್ಲಿದ್ದರೆ ಕರೆಂಟ್ ಜೊತೆಗೇ ಹೋಗ್ತಾವೆ, ನ್ಯಾಸ್ ಕೂಗಿದ್ದು ಕಂಪ್ಯೂಟರಿಗೆ ಕೇಳಿಸಲ್ಲ.