ಎರಡು ಫೈಲು, ಒಂದೇ ಮೈ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ನಾನು ಆಪ್ತಸಲಹೆಗಾರ್ತಿ. ನನ್ನ ಬಳಿ ಬಂದ ಒಬ್ಬಾಕೆ ಹೇಳಿದಂಥದ್ದೇ ಮಾತನ್ನು ಬೇರೆ ಬೇರೆ ಹೆಂಗಸರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆಯೂ ಇದೆ.

ವಯಸ್ಸು ಮೂವತ್ತರ ಆಸುಪಾಸು. ಮದುವೆಯಾಗಿದೆ, ಕೆಲಸಕ್ಕೆ ಹೋಗುತ್ತಾರೆ. ಮುಟ್ಟು ಶುರುವಾದಾಗಿನಿಂದ ಹೊಟ್ಟೆನೋವು. ಎರಡು ಸಲ ಸ್ಕ್ಯಾನಿಂಗ್ 'ನಾರ್ಮಲ್' ಬಂದಿತ್ತು. ಅದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಎಂದು ಗೊತ್ತಾಗಿದ್ದು ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಮಾಡಿದಾಗ, ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು. ಮೈಗ್ರೇನ್ ಕಾಲೇಜಿನ ದಿನಗಳಿಂದ ಇದೆ. ನನ್ನ ಬಳಿ ಬಂದಿದ್ದು ಮಾತ್ರ ನಿದ್ದೆ ಬರಲ್ಲ, ಸುಮ್ಸುಮ್ನೆ ಅಳು ಬರುತ್ತೆ ಎಂದು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. "ಒತ್ತಡ ಸ್ವಲ್ಪ ಕಡಿಮೆ ಮಾಡಿಕೊಳ್ಳೋಣ" ಅಂದೆ. ಆಕೆ ತಲೆಯಾಡಿಸಿದರು. ಮುಂದಿನ ಎರಡು ಸಲ ಬರಲಿಲ್ಲ. ಒಮ್ಮೆ ಮನೆಗೆ ನೆಂಟರು ಬಂದಿದ್ದಾರೆ ಎಂದರು, ಇನ್ನೊಮ್ಮೆ ಆಫೀಸಿನಲ್ಲಿ ಮೀಟಿಂಗ್ ಎಂದರು. ಎರಡೂ ಸಲ ಅವರು ಕತ್ತಲು ಕೋಣೆಯಲ್ಲಿ ಮಲಗಿದ್ದರು ಎಂದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಮತ್ತೆ ಬಂದಾಗ ಕೈಯಲ್ಲಿ ಎರಡು ಫೈಲು. ಒಂದು ಸ್ತ್ರೀರೋಗ ತಜ್ಞರದ್ದು, ಇನ್ನೊಂದು ನರರೋಗ ತಜ್ಞರದ್ದು. ಕೂರುವ ಮೊದಲೇ ಕೇಳಿದರು: "ಮೇಡಂ, ಇವೆರಡಕ್ಕೂ ಸಂಬಂಧ ಇದೆಯಾ?"

ನನಗೆ ತಿಳಿದದ್ದನ್ನು ಹೇಳಿದೆ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಮೈಗ್ರೇನ್ ಉಳಿದವರಿಗಿಂತ ಜಾಸ್ತಿ ಎಂದು ಹಲವು ಅಧ್ಯಯನಗಳು ತೋರಿಸಿವೆ. ಎರಡರ ಆನುವಂಶಿಕ ಬೇರುಗಳು ಸ್ವಲ್ಪ ಮಟ್ಟಿಗೆ ಒಂದೇ ಎಂಬುದಕ್ಕೂ ಪುರಾವೆ ಇದೆ. ಮುಟ್ಟಿಗೆ ಮೊದಲು ಈಸ್ಟ್ರೊಜೆನ್ ಹಾರ್ಮೋನ್ ಸರ್ರನೆ ಇಳಿಯುತ್ತದೆ, ಅದು ಎಷ್ಟೋ ಜನರಲ್ಲಿ ಮೈಗ್ರೇನನ್ನು ಎಬ್ಬಿಸುತ್ತದೆ. ಅದೇ ಹೊತ್ತಿಗೆ ಗರ್ಭಕೋಶದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಏರುತ್ತವೆ. ಹೊಟ್ಟೆ ಹಿಂಡುವ ಆ ರಾಸಾಯನಿಕಗಳಿಗೆ ತಲೆನೋವಿನಲ್ಲೂ ಪಾಲಿದೆ. ವರ್ಷಗಟ್ಟಲೆ ನೋವು ತಿಂದ ನರಗಳು ಸಣ್ಣದಕ್ಕೂ ಕಿರುಚುವಷ್ಟು ಸೂಕ್ಷ್ಮವಾಗುತ್ತವೆ. ಹಾಗಂತ ಒಂದರಿಂದಲೇ ಇನ್ನೊಂದು ಬರುತ್ತದೆ ಎಂದು ಸಾಬೀತಾಗಿಲ್ಲ.

ಆಕೆಯ ಮುಖ ಇಳಿದುಹೋಯಿತು. ನಾನು ಕೇಳಿದೆ: "ಸಂಬಂಧ ಇದೆ ಅಂತ ಖಚಿತವಾದರೆ ನಿಮಗೆ ಏನು ಬದಲಾಗುತ್ತೆ?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಒಂದು ಕಾಯಿಲೆ ಇದ್ದರೆ ಅಯ್ಯೋ ಪಾಪ ಅಂತಾರೆ ಮೇಡಂ. ಎರಡಿದ್ದರೆ ಇವಳದ್ದು ಯಾವಾಗಲೂ ಇದ್ದದ್ದೇ ಅಂತಾರೆ. ಎರಡೂ ಒಂದೇ ಅಂತ ಯಾರಾದರೂ ಬರೆದುಕೊಟ್ಟರೆ ಸಾಕು ನಂಗೆ."

ಔಷಧಿಗಿಂತ ಮೊದಲು ಆಕೆಗೆ ಬೇಕಾಗಿದ್ದು ತನ್ನ ಮಾತನ್ನು ನಂಬುವ ಯಾರಾದರೂ ಒಬ್ಬರು. ಯಾರೂ ನಂಬಲಿಕ್ಕಿಲ್ಲ ಎಂಬ ಹೆದರಿಕೆಯಲ್ಲಿ ತನ್ನ ಮೈಯನ್ನು ಎರಡಾಗಿ ಹಂಚಿಬಿಟ್ಟಿದ್ದರು. ಹೊಟ್ಟೆ ನೋಡುವ ವೈದ್ಯರಿಗೆ ತಲೆಯ ವಿಷಯ ಹೇಳಿರಲಿಲ್ಲ. ತಲೆ ನೋಡುವವರಿಗೆ ಹೊಟ್ಟೆಯ ವಿಷಯ ಹೇಳಿರಲಿಲ್ಲ. 'ಇನ್ನೊಂದು ದೂರು' ತಂದರೆ ಮೊದಲನೆಯದನ್ನೂ ನಂಬುವುದಿಲ್ಲವೇನೋ ಎಂಬ ಭಯ. ಮನೆಯಲ್ಲಿ ಗಂಡ ಕಾಳಜಿಯಿಂದಲೇ "ಇವತ್ತು ಯಾವುದು, ತಲೆನಾ ಹೊಟ್ಟೆನಾ?" ಎಂದು ಕೇಳುತ್ತಿದ್ದರಂತೆ. ಎರಡೂ ಇದ್ದ ದಿನ ಈಕೆ ಒಂದನ್ನು ಮಾತ್ರ ಹೇಳುತ್ತಿದ್ದರು.

ತಲೆನೋವು ಬರುವ ಮುಂಚೆ ಏನಾಗುತ್ತದೆ ಎಂದು ಕೇಳಿದೆ. "ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿನುಗುತ್ತೆ. ಇಪ್ಪತ್ತು ನಿಮಿಷ ಇರುತ್ತೆ. ಆಮೇಲೆ ತಲೆ ಸಿಡಿಯೋಕೆ ಶುರು." ಇದಕ್ಕೆ ಔರಾ ಎನ್ನುತ್ತಾರೆ. ಹೊಟ್ಟೆಯ ಫೈಲು ಬಿಡಿಸಿದರೆ ಅಲ್ಲಿ ಈಸ್ಟ್ರೊಜೆನ್ ಸೇರಿದ ಹಾರ್ಮೋನ್ ಮಾತ್ರೆ ಬರೆದಿತ್ತು. ನನಗೆ ಕೂತಲ್ಲೇ ಗಾಬರಿಯಾಯಿತು. ಔರಾ ಇರುವ ಮೈಗ್ರೇನ್‌ನಲ್ಲಿ ಪಾರ್ಶ್ವವಾಯುವಿನ ಅಪಾಯ ಸ್ವಲ್ಪ ಹೆಚ್ಚೇ ಇರುತ್ತದೆ. ಈಸ್ಟ್ರೊಜೆನ್ ಇರುವ ಮಾತ್ರೆ ಅದನ್ನು ಇನ್ನಷ್ಟು ಏರಿಸುತ್ತದೆ. ಔರಾ ಇರುವವರು ಈ ಬಗೆಯ ಗರ್ಭನಿರೋಧಕ ಮಾತ್ರೆ ಬಳಸಲೇಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ವೈದ್ಯರ ತಪ್ಪು ಎನ್ನಲಾರೆ, ಆ ಗೆರೆಗಳ ಸಂಗತಿ ಅವರ ಕಿವಿಗೆ ಬಿದ್ದೇ ಇರಲಿಲ್ಲ.

"ನಾಳೆಯೇ ಫೋನ್ ಮಾಡಿ. ಔರಾ ಇದೆ ಅಂತ ಇದೇ ಪದದಲ್ಲಿ ಹೇಳಿ. ಮುಂದಿನ ಮಾತ್ರೆ ತೆಗೆದುಕೊಳ್ಳಬೇಕಾ ಅಂತ ಅವರನ್ನೇ ಕೇಳಿ," ಎಂದೆ. ಈಸ್ಟ್ರೊಜೆನ್ ಇಲ್ಲದೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರ ಇರುವ ಔಷಧಿಗಳೂ ಎಂಡೊಮೆಟ್ರಿಯೋಸಿಸ್‌ಗೆ ಇವೆ, ಅವಕ್ಕೆ ಈ ನಿಷೇಧವಿಲ್ಲ ಎಂದೂ ತಿಳಿಸಿದೆ. ಇಲ್ಲದಿದ್ದರೆ ಇದ್ದ ಒಂದು ಆಸರೆಯೂ ಹೋಯಿತಲ್ಲ ಎಂದು ಆಕೆ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಆಪ್ತಸಲಹೆಗಾರರು ಮಾತ್ರೆಯ ವಿಷಯಕ್ಕೆ ಕೈ ಹಾಕಬಾರದು, ಗಡಿ ದಾಟಿದಿರಿ ಎಂದು ಇದೇ ವೃತ್ತಿಯ ಗೆಳತಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ನಾನು ಮಾತ್ರೆ ಬರೆಯಲಿಲ್ಲ, ಬಿಡಿಸಲೂ ಇಲ್ಲ. ಆಕೆ ಮುಚ್ಚಿಟ್ಟ ಮಾತನ್ನು ಅದನ್ನು ಕೇಳಬೇಕಾದವರ ಬಳಿಗೆ ಕಳಿಸಿದೆ, ಅಷ್ಟೇ. ನಾಚಿಕೆಯಿಂದ ಮುಚ್ಚಿಟ್ಟದ್ದು ಜೀವಕ್ಕೆ ಕುತ್ತು ತರುವಂತಿದ್ದರೆ, ಅದೂ ನನ್ನ ಕೆಲಸವೇ ಅಲ್ವಾ? ಇವತ್ತೂ ಹಾಗೇ ಮಾಡುತ್ತೇನೆ.

ಎರಡೂ ಫೈಲಿನ ಬದಲು ಒಂದೇ ಕ್ಯಾಲೆಂಡರ್ ಇಡಲು ಹೇಳಿದೆ. ಮುಟ್ಟಿನ ದಿನ, ಹೊಟ್ಟೆನೋವು, ತಲೆನೋವು, ಗೆರೆಗಳು, ನುಂಗಿದ ಮಾತ್ರೆ, ಎಲ್ಲಾ ಒಂದೇ ಹಾಳೆಯಲ್ಲಿ. ಮೊದಲ ತಿಂಗಳೇ ಒಂದು ವಿಷಯ ಕಣ್ಣಿಗೆ ಬಿತ್ತು. ತಲೆಗೆಂದು ಏಳು ದಿನ ನೋವಿನ ಮಾತ್ರೆ ನುಂಗಿದ್ದರು, ಹೊಟ್ಟೆಗೆಂದು ಬೇರೆ ಒಂಬತ್ತು ದಿನ. ನರರೋಗ ತಜ್ಞರಿಗೆ ಏಳು ಎಂದಷ್ಟೇ ಹೇಳುತ್ತಿದ್ದರು. ಮೈ ಲೆಕ್ಕ ಹಾಕುವುದು ಹದಿನಾರು ಎಂದೇ. ಮೈಗ್ರೇನ್ ಇರುವವರು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಮಾಮೂಲಿ ನೋವಿನ ಮಾತ್ರೆ ನುಂಗುತ್ತಾ ಮೂರು ತಿಂಗಳು ದಾಟಿದರೆ, ಆ ಮಾತ್ರೆಯೇ ತಲೆನೋವು ತರಬಹುದು. ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಮಾತ್ರೆಗಾದರೆ 10 ದಿನವೇ ಮಿತಿ. ಆ ಹಾಳೆಯನ್ನು ಇಬ್ಬರು ವೈದ್ಯರಿಗೂ ತೋರಿಸಿದರು. ಅಲ್ಲಿಂದಾಚೆಗೆ ಇಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆಯಲು ಶುರುಮಾಡಿದರು.

ಹಾರ್ಮೋನ್ ಔಷಧಿ ಬದಲಾಯಿತು. ತಲೆನೋವಿನ ದಿನಗಳು ಕಡಿಮೆಯಾಗಿವೆ, ಆದರೆ ಹೋಗಿಲ್ಲ. ಹೊಟ್ಟೆನೋವೂ ಇದೆ.

ಕಳೆದ ತಿಂಗಳು ನಮ್ಮ ಭೇಟಿಯ ದಿನ ಬೆಳಿಗ್ಗೆ ಆಕೆಯ ಸಂದೇಶ ಬಂತು: "ಮೇಡಂ, ತಲೆನೂ ಇದೆ, ಹೊಟ್ಟೆನೂ ಇದೆ. ಇವತ್ತು ಬರಲ್ಲ. ಮುಂದಿನ ವಾರ ಬರ್ತೀನಿ." ನೆಂಟರ ಸುದ್ದಿಯೂ ಇರಲಿಲ್ಲ, ಮೀಟಿಂಗ್‌ನ ಸುದ್ದಿಯೂ ಇರಲಿಲ್ಲ.