ಬ್ಲೀಚಿಂಗ್ ಪೌಡರ್ ಬಿಡಿ, ಮೊದಲು ಡಿಸ್ಪೆನ್ಸರಿನ ನಲ್ಲಿ ಬಿಚ್ಚಿ

ಸರ್, ಟ್ಯೂಷನ್ ರೂಮಿನ ವಾಟರ್ ಡಿಸ್ಪೆನ್ಸರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೂ ಪಾಚಿ ವಾಸನೆ ಹೋಗುತ್ತಿಲ್ಲ ಅಂತ ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು ಒಂದು ಮಾತು. ಮೇಲೆ ಕಾಮೆಂಟಿನಲ್ಲಿ ಒಬ್ಬ ಅಕ್ಕ "ವಾಸನೆ ಹೋಗದಿದ್ದರೆ ಸ್ವಲ್ಪ ವಿನೆಗರ್ ಹಾಕಿ" ಅಂದಿದ್ದಾರಲ್ಲ, ಅದನ್ನು ಮಾತ್ರ ಮಾಡಬೇಡಿ. ರಾತ್ರಿಯೆಲ್ಲ ಬ್ಲೀಚಿಂಗ್ ಪೌಡರ್ ನೆನೆದ ಟ್ಯಾಂಕ್ ಅದು. ಅದಕ್ಕೆ ಹುಳಿ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಟ್ಯೂಷನ್ ರೂಮಿನಲ್ಲಿ ಅದು ಆಟದ ಮಾತಲ್ಲ. ಅಕ್ಕ, ಬೇಜಾರಾಗಬೇಡಿ. ವಿನೆಗರ್‌ಗೂ ಒಂದು ಜಾಗ ಇದೆ, ಕೆಳಗೆ ಹೇಳುತ್ತೇನೆ.

ಈಗ ನಿಮ್ಮ ಸಮಸ್ಯೆ. ನೀರು ಪಾಚಿ ವಾಸನೆ ಬಂತು, ಒಂದು ಹಿಡಿ ಪೌಡರ್ ಸುರಿದು ಬೆಳಗಿನವರೆಗೆ ಬಿಟ್ಟಿರಿ. ಈಗ ಕ್ಲೋರಿನ್ ವಾಸನೆಯೂ ಇದೆ, ಪಾಚಿ ವಾಸನೆಯೂ ಇದೆ. ಆಗೋದೇ ಹಾಗೆ. ಲೋಳೆ ಕಟ್ಟಿದ ಮೇಲೆ ಔಷಧಿ ಅದರ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ, ಒಳಗಿದ್ದದ್ದು ಹಾಯಾಗಿ ಬದುಕಿರುತ್ತದೆ. ಮೊದಲು ಉಜ್ಜಬೇಕು, ಆಮೇಲೆ ಕ್ಲೋರಿನ್. ಇನ್ನೊಂದು, ಪೌಡರಿನಲ್ಲಿ ಸುಣ್ಣ ಇರುತ್ತದೆ. ಅದು ಪೂರ್ತಿ ಕರಗದೆ ತಳದಲ್ಲಿ ಕೂರುತ್ತದೆ. ನಮ್ಮ ಆಫೀಸಿನಲ್ಲೂ ಇದೇ ಪ್ರಯೋಗ ನಡೆದಿತ್ತು. ಸ್ಟೀಲ್ ಟ್ಯಾಂಕಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಎದ್ದವು. ಆಮೇಲೆ ವೆಲ್ಡಿಂಗ್ ಹತ್ತಿರ ಹನಿ ಸೋರಲು ಶುರುವಾಯಿತು. ರಿಪೇರಿಯವನು ನೋಡಿ ನಕ್ಕು ಹೋದ. ಸ್ಟೀಲ್ ಅಂದ ಮಾತ್ರಕ್ಕೆ ರಾತ್ರಿಯೆಲ್ಲ ಕ್ಲೋರಿನ್ ತಡೆಯುತ್ತೆ ಅಂದುಕೊಳ್ಳಬೇಡಿ.

ನಿಜವಾದ ಕೊಳೆ ಎಲ್ಲಿರುತ್ತೆ ಅಂದರೆ, ನಲ್ಲಿಯೊಳಗೆ. ಇದನ್ನು ಯಾರೂ ಬಿಚ್ಚೋದಿಲ್ಲ. ಸರ್ವೀಸಿಗೆ ಬರುವ ಹುಡುಗರೂ ಹೊರಗೆ ಒರೆಸಿ ದುಡ್ಡು ಇಸ್ಕೊಂಡು ಹೋಗುತ್ತಾರೆ. ಪ್ಲಗ್ ತೆಗೆದು, ನೀರೆಲ್ಲ ಖಾಲಿ ಮಾಡಿ, ತಣ್ಣೀರಿನ ನಲ್ಲಿಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಒತ್ತುವ ಹಿಡಿಯ ಕೆಳಗಿನ ಮುಚ್ಚಳವೂ ತಿರುಗಿಸಿದರೆ ಬರುತ್ತದೆ. ಒಳಗೆ ಒಂದು ಸ್ಪ್ರಿಂಗ್, ಟೋಪಿ ಥರದ ಒಂದು ಸಿಲಿಕೋನ್ ರಬ್ಬರ್ ಇರುತ್ತದೆ. ಆ ರಬ್ಬರನ್ನು ತಿರುವಿ ಅದರ ಮಡಿಕೆಯಲ್ಲಿ ಬೆರಳು ಆಡಿಸಿ ನೋಡಿ. ಗುಲಾಬಿ ಮಿಶ್ರಿತ ಕಂದು ಬಣ್ಣದ ಲೋಳೆ ಬೆರಳಿಗೆ ಅಂಟುತ್ತದೆ. ನೀವು ಟ್ಯಾಂಕಿಗೆ ಏನೇ ಸುರಿದರೂ ಪ್ರತಿ ಲೋಟವೂ ಅದನ್ನು ಸವರಿಕೊಂಡೇ ಬರೋದು. ಹಳೆ ಟೂತ್‌ಬ್ರಷ್, ಪಾತ್ರೆ ಸೋಪು, ಮಡಿಕೆ ಮಡಿಕೆ ಉಜ್ಜಿ. ರಬ್ಬರ್ ಸೀಳಿದ್ದರೆ ಅಥವಾ ಕಪ್ಪು ಚುಕ್ಕೆ ಹೋಗದಿದ್ದರೆ ನಲ್ಲಿಯನ್ನೇ ಬದಲಿಸಿ. ಹೊಸದು ತರುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ, ಥ್ರೆಡ್ ಎಲ್ಲದಕ್ಕೂ ಒಂದೇ ಇರಲ್ಲ. ಬಿಸಿನೀರಿನ ನಲ್ಲಿಗೆ ಮಕ್ಕಳ ಲಾಕ್ ಇರುತ್ತದೆ, ಅದರ ಚಿಕ್ಕ ಕೆಂಪು ತುಂಡು ಕಳೆದುಹೋಗದಂತೆ ಒಂದು ಬಟ್ಟಲಲ್ಲಿ ಹಾಕಿಡಿ.

ಕ್ಯಾನ್ ಕೂರುವ ಬಾಯಿ, ನಡುವಿನ ಚೂಪು ಕೊಳವೆ, ಕೆಳಗಿನ ಜಾಲರಿ ತಟ್ಟೆ, ಇವನ್ನೂ ಸೋಪಿನಲ್ಲಿ ತೊಳೆಯಿರಿ. ತಣ್ಣೀರು ಟ್ಯಾಂಕನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ. ಸ್ಟೀಲ್ ಜುಂಗು ಹಾಕಿದರೆ ಗೀರು ಬಿದ್ದು ಮುಂದೆ ಅಲ್ಲೇ ಲೋಳೆ ಕೂರುತ್ತೆ.

ಇದೆಲ್ಲ ಆದ ಮೇಲೆ ಹೈಪೋ, ಅಂದರೆ ದ್ರವರೂಪದ ಬ್ಲೀಚ್. ಸುಗಂಧ, ಬಣ್ಣ ಸೇರಿಸದ, 5 ಶೇಕಡಾ ಆಸುಪಾಸಿನ ಸೋಡಿಯಂ ಹೈಪೋಕ್ಲೋರೈಟ್ ತನ್ನಿ. 4 ಲೀಟರ್ ನೀರಿಗೆ 15 ಎಂಎಲ್, ಅಂದರೆ ಒಂದು ಟೇಬಲ್ ಚಮಚ. ಜಾಸ್ತಿ ಬೇಡ. ತಣ್ಣೀರು ಟ್ಯಾಂಕಿಗೆ ಹಾಕಿ, ನಲ್ಲಿಯಿಂದ ಸ್ವಲ್ಪ ಬಿಟ್ಟು, 5 ನಿಮಿಷಕ್ಕೆ ಖಾಲಿ ಮಾಡಿ. ಐದೇ ನಿಮಿಷ, ರಾತ್ರಿಯೆಲ್ಲ ಅಲ್ಲ! ಆಮೇಲೆ ಒಳ್ಳೆ ನೀರಿನಲ್ಲಿ ನಾಲ್ಕು ಸಲ ತೊಳೆದು, ಪ್ರತಿ ಸಲವೂ ನಲ್ಲಿಯಿಂದ ಹಾಯಿಸಿ. ವಾಸನೆ ಇದ್ದರೆ ಮತ್ತೊಮ್ಮೆ. ನಿಮ್ಮ ಈಗಿನ ಟ್ಯಾಂಕಿಗೂ ಇದೇ ಮದ್ದು: ಖಾಲಿ ಮಾಡಿ, ತೊಳೆದು, ಮತ್ತೆ ತೊಳೆಯೋದು. ಹೈಪೋ ನಮ್ಮ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಐದು ಲೀಟರ್ ಡಬ್ಬ ತಂದು ಟೆರೇಸಿನ ಮೇಲಿಟ್ಟರೆ ಮೇ ತಿಂಗಳಲ್ಲಿ ಬರೀ ನೀರು ಹಾಕಿದಂಗೆ. ಚಿಕ್ಕ ಬಾಟಲಿ, ತಯಾರಾದ ತಾರೀಖು ನೋಡಿ, ಕತ್ತಲಲ್ಲಿಡಿ.

ಬಟ್ಟೆಗೆ ಹಾಕೋ ಆಲಾ ಬ್ಲೀಚ್ ನಡೆಯುತ್ತಾ ಅಂತ ಕೇಳುವವರು ಇದ್ದೇ ಇರ್ತಾರೆ. ಕುಡಿಯೋ ನೀರಿನ ಟ್ಯಾಂಕಿಗೆ ನಾನಂತೂ ಹಾಕಲ್ಲ. ಡೊಮೆಕ್ಸ್, ಹಾರ್ಪಿಕ್ ಸಂಡಾಸಿಗೆ ಸರಿ. ಹಾರ್ಪಿಕ್‌ನಲ್ಲಿರೋದು ಆಸಿಡ್ ಕಣ್ರೀ! ಡೆಟಾಲ್ ಹಾಕಿದರೆ ವಾಸನೆ ಯಾವಾಗ ಹೋಗುತ್ತೋ ದೇವರಿಗೇ ಗೊತ್ತು. ಇನ್ನು ಮೆಷೀನ್ ಬ್ಲೂ ಸ್ಟಾರ್ ಇರಲಿ, ವೋಲ್ಟಾಸ್ ಇರಲಿ, ಶುಚಿ ಮಾಡೋ ಕೆಲಸ ಒಂದೇ. ಕೆಳಗೆ ಫ್ರಿಜ್ ಡಬ್ಬಿ ಇರೋ ಮಾಡೆಲ್‌ಗೆ ಜಾಸ್ತಿ ದುಡ್ಡು ಕೊಡೋದು ನನಗೆ ಸುಮ್ನೆ ಖರ್ಚು ಅನಿಸುತ್ತೆ, ಉಜ್ಜಲು ಇನ್ನೊಂದು ಮೂಲೆ ಅಷ್ಟೇ.

ಬಿಸಿನೀರಿನ ಟ್ಯಾಂಕಿಗೆ ಕ್ಲೋರಿನ್ ಬೇಡವೇ ಬೇಡ. ಅಲ್ಲಿನ ತೊಂದರೆ ಲೋಳೆ ಅಲ್ಲ, ಬಿಳಿ ಪೊರೆ. ಕ್ಯಾನ್ ಬರದ ದಿನ ಬೋರ್ ನೀರು ತುಂಬುವವರಿಗೆ ಇದು ಗ್ಯಾರಂಟಿ. ನಮ್ಮ ಸೇಡಂ, ಚಿತ್ತಾಪುರದ ಕಡೆ ನೆಲದಡಿ ಸುಣ್ಣದ ಕಲ್ಲೇ ಇದೆಯಲ್ವಾ. ಇಲ್ಲಿಗೆ ಬೇಕು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಲೀಟರಿಗೆ ಒಂದು ಟೇಬಲ್ ಚಮಚ, ಅರ್ಧ ಗಂಟೆ. ವಿನೆಗರ್ ಕೂಡ ಆಗುತ್ತೆ. ಆದರೆ ಪೊರೆ ತೆಗೆಯೋದು ಒಂದು ದಿನ, ಹೈಪೋ ಇನ್ನೊಂದು ದಿನ. ಸ್ವಿಚ್ ಆಫ್ ಮಾಡಿ ಎರಡು ಮೂರು ಗಂಟೆ ಆರಲು ಬಿಟ್ಟ ಮೇಲೆಯೇ ಹಿಂದಿನ ಡ್ರೈನ್ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಕೈ ಸುಡುತ್ತೆ. ನಲ್ಲಿಯಿಂದ ಬರೋದು ಮೇಲಿನ ನೀರಷ್ಟೇ, ತಳದ್ದು ಡ್ರೈನ್‌ನಿಂದಲೇ ಹೋಗಬೇಕು. ಮತ್ತೆ ತುಂಬಿದ ಮೇಲೆ ಬಿಸಿ ನಲ್ಲಿಯಲ್ಲಿ ನೀರು ಧಾರೆಯಾಗಿ ಬರೋವರೆಗೂ ಕೆಂಪು ಸ್ವಿಚ್ ಹಾಕಬೇಡಿ. ಖಾಲಿ ಟ್ಯಾಂಕ್ ಕಾದರೆ ಹೀಟರ್ ಕಾಯಿಲ್ ಹೋಯಿತು ಅಂತಲೇ.

ನಿಂಬೆ ಉಪ್ಪಿನ ನೀರು ನೆಲಕ್ಕೆ ಚೆಲ್ಲದಂತೆ ಬಕೆಟ್ ಇಡಿ. ಶಹಾಬಾದ್ ಕಲ್ಲಿನ ನೆಲದ ಪಾಲಿಶ್ ಹುಳಿಗೆ ಹೋಗುತ್ತೆ, ಆಮೇಲೆ ಎಷ್ಟು ಒರೆಸಿದರೂ ಆ ಕಲೆ ಮಂಕಾಗಿಯೇ ಉಳಿಯುತ್ತೆ.

ಕ್ಯಾನ್ ವಿಷಯ. ಟಂಟಂ ಆಟೊದಲ್ಲಿ ಉರುಳಾಡಿಕೊಂಡು ಬಂದ ಕ್ಯಾನಿನ ಕುತ್ತಿಗೆಯನ್ನು ಹಾಗೇ ತಲೆಕೆಳಗು ಮಾಡಿದರೆ, ಅದಕ್ಕೆ ಅಂಟಿದ ಧೂಳೆಲ್ಲ ಟ್ಯಾಂಕಿಗೇ. ಅದೇ ಹೈಪೋ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು ಏರಿಸಿ. ಕೈ ತೊಳೆದುಕೊಳ್ಳೋದು ಹೇಳಬೇಕಾ? ನಿಮ್ಮ ಫೋಟೊದಲ್ಲಿ ಮೆಷೀನ್ ಕಿಟಕಿ ಪಕ್ಕ ಇದೆ, ಕ್ಯಾನಿನ ಮೇಲೆ ನೇರ ಬಿಸಿಲು. ಹಸಿರು ಬಂದಿದ್ದು ಅಲ್ಲಿಂದ. ಮೂಲೆಗೆ ಸರಿಸಿ.

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಎರಡು ಮೂರು ತಿಂಗಳಿಗೊಮ್ಮೆ ಸಾಕು. ರಜೆಗೆ ಮುಚ್ಚುವಾಗ ಖಾಲಿ ಮಾಡಿ, ಒಣಗಿಸಿ ಇಡಿ. ಮನೆಯಲ್ಲಿ ನೀರಿಗೆ ರಂಜಣಿಗೆ (ಮಣ್ಣಿನ ಮಡಕೆ) ಇಟ್ಟವರು ಅದಕ್ಕೆ ಸೋಪು, ಹೈಪೋ ಎರಡೂ ಹಾಕಬೇಡಿ, ಮಣ್ಣು ಹೀರಿಕೊಳ್ಳುತ್ತೆ. ತೆಂಗಿನ ನಾರು, ಬಿಸಿನೀರು, ಆಮೇಲೆ ಬಿಸಿಲು. ಗಾಳಿಯ ಕೂಲರ್ ಇದ್ದವರು ವಾರಕ್ಕೊಮ್ಮೆ ನೀರು ಚೆಲ್ಲಿ ತೊಟ್ಟಿಯ ಗೋಡೆ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಅಂಟಿರೋದು ಗೋಡೆಗೆ, ನೀರು ಚೆಲ್ಲಿದರೆ ಹೋಗಲ್ಲ.

ಸರ್, ನಲ್ಲಿ ಬಿಚ್ಚಿದ ಮೇಲೆ ಆ ರಬ್ಬರಿನ ಫೋಟೊ ಇಲ್ಲಿ ಹಾಕಿ. ಬದಲಿಸಬೇಕೋ ಬೇಡವೋ ನೋಡಿ ಹೇಳುತ್ತೇನೆ.